ಬಾಡು, ಬೆಳ್ಳುಳ್ಳಿ, ಬ್ರೆಡ್ಡು

ಅಕ್ಕನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ರಜೆಗೆ ಊರಿಗೆ ಬಂದಾಗಲೆಲ್ಲ ಹೊಸದೊಂದು ಅಡುಗೆಯನ್ನು ಫೋನಿನಲ್ಲಿ ಹೊತ್ತು ತರುತ್ತಾಳೆ. ಈ ಸಲದ್ದು ಗಾರ್ಲಿಕ್ ಬ್ರೆಡ್. ಬರೀ ಗಾರ್ಲಿಕ್ ಬ್ರೆಡ್ ಅಲ್ಲ. ದಪ್ಪನೆಯ ಬ್ರೆಡ್ಡನ್ನು ಸೀಳಿ, ಬೆಳ್ಳುಳ್ಳಿ ಬೆರೆಸಿದ ಬೆಣ್ಣೆ ಬಳಿದು, ಅದರ ಮೇಲೆ ಸ್ಟೇಕ್ ಎನ್ನುವ ಸುಟ್ಟ ಮಾಂಸದ ಚೂರುಗಳನ್ನು ಹರಡಿ, ಚೀಸ್ ತುರಿದು, ಎಲ್ಲವೂ ಕರಗಿ ಒಂದಕ್ಕೊಂದು ಹಿಡಿದುಕೊಳ್ಳುವ ತನಕ ಓವನ್ನಿನಲ್ಲಿ ಇಡಬೇಕಂತೆ. ಮಧುಗಿರಿಗೆ ಹೋಗಿ ಬ್ರೆಡ್ಡು, ಬೆಣ್ಣೆ, ಚೀಸು, ಮುಕ್ಕಾಲು ಕೇಜಿ ಮಟನ್ ತಂದದ್ದೂ ಆಯಿತು. ಮಿಡಿಗೇಶಿ ಬೆಟ್ಟ ಕಾಣುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತ ಮೇಲೆ ಅವಳಿಗೆ ಹೊಳೆಯಿತು: "ಮಾಮ, ಓವನ್ನೇ ಇಲ್ವಲ್ಲ!"

ಒಲೆ ಮುಂದೆ ಕೂತಿದ್ದ ನಮ್ಮವ್ವ ತಲೆ ಎತ್ತದೆ ಹೇಳಿದಳು: "ತಪ್ಪಲೆ ಮುಚ್ಚಿ ಮುಚ್ಚಳದ ಮ್ಯಾಲೆ ಒಂದೀಟು ಕೆಂಡ ಸುರಿಯವ್ವ, ಬೇಯ್ತದೆ."

ಅವ್ವ ಓದಿದವಳಲ್ಲ. ಅವಳು ಹೇಳಿದ ಉಪಾಯಕ್ಕೆ ಮಾತ್ರ ಕನ್ನಡದಲ್ಲಿ 500 ವರ್ಷದ ಲಿಖಿತ ದಾಖಲೆ ಇದೆ. ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಬರೆದ 'ಸೂಪಶಾಸ್ತ್ರ' ಷಟ್ಪದಿಯಲ್ಲಿರುವ ಪಾಕಗ್ರಂಥ. ಅದರ ಮೊದಲ ಭಾಗ ಹಿಟ್ಟಿನ ತಿನಿಸುಗಳಿಗೇ ಮೀಸಲು. ಹಂಚಿನ ಮೇಲೆ ಬೇಯಿಸುವ ರೊಟ್ಟಿ, ಕೆಂಡದ ಮೇಲೆ ಸುಡುವ ರೊಟ್ಟಿಗಳ ಜೊತೆಗೆ ಮುಚ್ಚಳ ರೊಟ್ಟಿಯೂ ಅಲ್ಲಿದೆ. ಗೋಧಿ ಹಿಟ್ಟಿನ ಕಣಕವನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುವ ಕ್ರಮ ಅದು. ಓವನ್ ಮಾಡುವ ಕೆಲಸವೂ ಇಷ್ಟೇ: ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಕೊಡುವುದು.

ಮಂಗರಸ ಜೈನ. ಅವನ ಪುಸ್ತಕದಲ್ಲಿ ಮಾಂಸವಿಲ್ಲ. ನಮ್ಮ ಹುಡುಗಿಯ ಬ್ರೆಡ್ಡನ್ನು ಅವನ ಮುಂದಿಟ್ಟಿದ್ದರೆ ಬೇಯಿಸಿದ ರೀತಿಯನ್ನು ಮೆಚ್ಚಿ, ಮೇಲಿದ್ದುದನ್ನು ನೋಡಿ ಎದ್ದು ಹೋಗುತ್ತಿದ್ದನೇನೋ. ಆ ಸಂಜೆ ನನ್ನನ್ನು ಹಿಡಿದು ಕೂರಿಸಿದ್ದು ಇದೇ ಯೋಚನೆ. ತಟ್ಟೆಯಲ್ಲಿರುವ ನಾಲ್ಕು ಪದಾರ್ಥಗಳಲ್ಲಿ ಯಾವುದೂ ನಮ್ಮ ಸೀಮೆಗೆ ಹೊಸತಲ್ಲ. ಆದರೆ ಅವು ನಾಲ್ಕೂ ಒಂದೇ ಒಲೆಯ ಮೇಲೆ, ಒಂದೇ ಹೊತ್ತಿನಲ್ಲಿ ಕೂಡಿದ್ದು ನಮ್ಮ ಮನೆಯಲ್ಲಂತೂ ಇದೇ ಮೊದಲು.

ಒಂದೊಂದಾಗಿ ನೋಡಿ. ನಾನು ಹುಡುಗನಾಗಿದ್ದಾಗ ಬ್ರೆಡ್ಡು ಮನೆಗೆ ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ. ಆಸ್ಪತ್ರೆಗೆ ನೋಡಲು ಹೋಗುವವರ ಕೈಚೀಲದಲ್ಲಿ ಬ್ರೆಡ್ಡೂ ಮೂಸಂಬಿಯೂ ಇರಲೇಬೇಕು. ಹಾಲಲ್ಲಿ ಅದ್ದಿದ ಬ್ರೆಡ್ಡಿನ ರುಚಿ ಎಂದರೆ ನನ್ನ ನಾಲಿಗೆಗೆ ಇವತ್ತಿಗೂ ಜ್ವರದ ರುಚಿ. ಬೆಳ್ಳುಳ್ಳಿ ದಿನವೂ ಒಗ್ಗರಣೆಗೆ ಬೀಳುತ್ತಿತ್ತು, ನಿಜ. ಆದರೆ ಗಡ್ಡೆಗಟ್ಟಲೆ ಸುಟ್ಟು, ಹುರಿದು, ತುಪ್ಪದಲ್ಲಿ ತಿನ್ನುವ ಹಕ್ಕು ಬಾಣಂತಿಗೆ ಮಾತ್ರ. ಹಾಲನ್ನು ಗಟ್ಟಿ ಮಾಡಿ ತಿನ್ನುವ ಭಾಗ್ಯ ಬರುತ್ತಿದ್ದದ್ದು ದನವೋ ಎಮ್ಮೆಯೋ ಕರು ಹಾಕಿದಾಗ, ಅದು ಗಿಣ್ಣು. ಬಾಡು ಬರುತ್ತಿದ್ದದ್ದು ಜಾತ್ರೆಗೆ, ಬೀಗರೂಟಕ್ಕೆ, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ, ತಿಥಿಗೆ. ಜ್ವರ, ಹೆರಿಗೆ, ಕರು, ಸಾವು ಇಲ್ಲವೇ ಹಬ್ಬ. ಒಂದೊಂದಕ್ಕೂ ಒಂದೊಂದು ನೆಪ ಬೇಕಿತ್ತು. ನಾಲ್ಕು ನೆಪಗಳು ಒಂದೇ ದಿನ ಒದಗುವುದು ಯಾವ ಮನೆಯಲ್ಲಿ ಸಾಧ್ಯ?

ಇದರ ಚರಿತ್ರೆಯನ್ನು ಶಾಸನಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಿಂದ ಆಳಿದ ನಿಡುಗಲ್ ಚೋಳರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದವರು. ಅವರ ಇನ್ನೊಂದು ನೆಲೆಯಾದ ಹೆಂಜೇರು ಇಂದು ಹೇಮಾವತಿ ಎಂಬ ಹೆಸರಿನಲ್ಲಿ ಗಡಿಯಾಚೆ ಆಂಧ್ರದಲ್ಲಿದೆ. 1232ರ ಶಾಸನವೊಂದು, ಇರುಂಗೋಳನ ಕಾಲದಲ್ಲಿ ಗಂಗೆಯನ ಮಾರೆಯ ಎಂಬಾತ ನಿಡುಗಲ್ಲು ಬೆಟ್ಟದಲ್ಲಿ ಪಾರ್ಶ್ವಜಿನನ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಇಂಥ ಶಾಸನಗಳಲ್ಲಿ ಭೂಮಿ ಬರುತ್ತದೆ, ದೀಪದ ಎಣ್ಣೆ ಬರುತ್ತದೆ, ದೇವರ ನೈವೇದ್ಯ ಬರುತ್ತದೆ. ಕಲ್ಲು ಹೊತ್ತವನು ಅಂದು ಸಂಜೆ ಏನು ಉಂಡ ಎನ್ನುವುದು ಬರುವುದಿಲ್ಲ. ಅದನ್ನು ಬರೆಸಲು ಯಾರೂ ದತ್ತಿ ಬಿಡಲಿಲ್ಲ.

ನಿಡುಗಲ್ಲಿನವರ ಒಡೆಯರ ಊಟದ ಬಗ್ಗೆ ಮಾತ್ರ ಧಾರಾಳವಾಗಿ ಗೊತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ ಎಂಬ ಒಂದು ಪ್ರಕರಣವೇ ಇದೆ. ಅರಸ ಅಲ್ಲಿ ನಾಚಿಕೆಯಿಲ್ಲದ ಭೋಜನಪ್ರಿಯ. ಗೋಧಿ ಹಿಟ್ಟಿನಿಂದ ಮಂಡಕ, ಪೋಳಿಕೆ, ಕೆಂಡದಲ್ಲಿ ಸುಡುವ ಅಂಗಾರಪೋಳಿಕೆ. ಹಾಲನ್ನು ಒಡೆಸಿ ಗಟ್ಟಿ ಮಾಡಿ ಕ್ಷೀರಪ್ರಕಾರ. ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟರೆ ಭಡಿತ್ರಕ. ಅಡಿಗಡಿಗೂ ಇಂಗಿನ ನೀರು, ಸೈಂಧವ ಲವಣ. ಸ್ಟೇಕ್ ಎಂಬ ಇಂಗ್ಲಿಷ್ ಮಾತಿನ ಬೇರು ಹಳೆಯ ನಾರ್ಸ್ ಭಾಷೆಯಲ್ಲಿದ್ದು, ಅಲ್ಲಿಯೂ ಅದರ ಅರ್ಥ ಕಡ್ಡಿಗೆ ಚುಚ್ಚಿ ಸುಡುವುದೇ. ಅಂದರೆ ನಮ್ಮ ಹುಡುಗಿಯ ತಟ್ಟೆಯ ರೊಟ್ಟಿ, ಗಟ್ಟಿ ಹಾಲು, ಸುಟ್ಟ ಮಾಂಸ ಎಲ್ಲವೂ 900 ವರ್ಷದ ಹಿಂದೆ ಕಲ್ಯಾಣದ ಅರಮನೆಯಲ್ಲಿ ಇದ್ದವು. ಅರಸನಿಗೆ ನೆಪ ಬೇಕಿರಲಿಲ್ಲ. ಅವನಿಗೆ ಹಸಿವೇ ನೆಪ.

ಬೆಳ್ಳುಳ್ಳಿಯ ಕತೆ ಇನ್ನೂ ಸೊಗಸು. ಬೆಳ್ ಎಂದರೆ ಬಿಳಿ, ಉಳ್ಳಿ ಎಂದರೆ ಈರುಳ್ಳಿಯ ಜಾತಿಯ ಗಡ್ಡೆ. ಬಿಳಿಯ ಉಳ್ಳಿಯೇ ಬೆಳ್ಳುಳ್ಳಿ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ಸಂತೆಯಲ್ಲಿ ಪಕ್ಕದ ಅಂಗಡಿಯವನು ಅದನ್ನೇ ತೆಲುಗಿನಲ್ಲಿ ವೆಲ್ಲುಲ್ಲಿ ಎಂದು ಕೂಗುತ್ತಾನೆ. ಹೆಸರು ಇಷ್ಟು ಹಳೆಯದಾಗಿ, ಎರಡು ಭಾಷೆಗೂ ಮನೆಮಾತಾಗಿ ಇರುವ ಪದಾರ್ಥ ನಮಗೆ ಹೊಸತಾಗಿರಲಾರದು. ಆದರೂ ಅರ್ಧ ಸಮಾಜ ಅದನ್ನು ಅಡುಗೆಕೋಣೆಯ ಹೊರಗಿಟ್ಟಿತ್ತು. ಅಮೃತ ಕದ್ದು ಕುಡಿದ ರಾಹುವಿನ ಕತ್ತು ಕಡಿದಾಗ ಉದುರಿದ ಹನಿಗಳಿಂದ ಬೆಳ್ಳುಳ್ಳಿ ಹುಟ್ಟಿತು, ಅದಕ್ಕೇ ಅದು ಔಷಧಿಯೂ ಹೌದು, ಮೈಲಿಗೆಯೂ ಹೌದು ಎಂದು ವೈದ್ಯಗ್ರಂಥಗಳ ಕತೆ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಬೋವರ್ ಎಂಬ ಸೈನ್ಯಾಧಿಕಾರಿಗೆ ಸಿಕ್ಕಿದ ಸಂಸ್ಕೃತದ ಹಸ್ತಪ್ರತಿ ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು. ಅದರ ಮೊದಲ ಭಾಗ ಬೆಳ್ಳುಳ್ಳಿಯ ಗುಣಗಾನ. ಬ್ರಾಹ್ಮಣರಿಗೆ ಅದು ನಿಷಿದ್ಧವಾದ್ದರಿಂದ ಅಲ್ಲೊಂದು ದಾರಿ ಹೇಳಿದ್ದಾರೆ: ಹಸುವನ್ನು ಮೂರು ರಾತ್ರಿ ಹುಲ್ಲಿಗೆ ಕಾಯಿಸಿ, ಆಮೇಲೆ ಹುಲ್ಲಿನ ಜೊತೆ ಬೆಳ್ಳುಳ್ಳಿಯ ದಂಟು ತಿನ್ನಿಸಿ, ಆ ಹಸುವಿನ ಹಾಲು, ಮೊಸರು, ತುಪ್ಪ ಸೇವಿಸಬಹುದು. ಆಚಾರಕ್ಕೂ ಭಂಗವಿಲ್ಲ, ರೋಗಕ್ಕೂ ಮದ್ದು. ಗಾರ್ಲಿಕ್ ಬಟರಿಗೆ ಇದಕ್ಕಿಂತ ಹಳೆಯ ವಂಶಾವಳಿ ನನಗೆ ಗೊತ್ತಿಲ್ಲ. ಈ ಜಾಣತನವನ್ನು ಓದಿ ನಕ್ಕದ್ದಿದೆ. ಆದರೆ ಬಾಣಂತಿಗೆ ಮಾತ್ರ ಧಾರಾಳವಾಗಿ ಬೆಳ್ಳುಳ್ಳಿ ಕೊಡುತ್ತಿದ್ದ ನಮ್ಮ ಮನೆಯ ಕ್ರಮವೂ ಅದೇ ನಂಬಿಕೆಯ ಇನ್ನೊಂದು ಕೊಂಬೆ: ಮದ್ದಾಗಿ ಬಂದರೆ ಬರಲಿ, ರುಚಿಗಾಗಿ ಬೇಡ.

ಗಿಣ್ಣಿನ ಬಗ್ಗೆ ಎರಡು ಮಾತು. ಚೀಸ್ ಮಾಡಲು ಹಾಲಿಗೆ ಹೆಪ್ಪುಗೊಳಿಸುವ ಕಿಣ್ವ ಬೇಕು. ಯುರೋಪಿನಲ್ಲಿ ಅದನ್ನು ಎಳಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಗಿಣ್ಣಿಗೆ ಅದು ಬೇಡ. ಕರು ಹಾಕಿದ ಮೊದಲ ದಿನಗಳ ಹಾಲಿನಲ್ಲಿ ಕರುವಿನ ರಕ್ಷಣೆಗೆಂದೇ ಇರುವ ಪ್ರೋಟೀನು ಹೆಚ್ಚು. ಕಾಯಿಸಿದರೆ ಅದೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಗಿಣ್ಣು ಅಂಗಡಿಯಲ್ಲಿ ದಿನವೂ ಸಿಗುವ ವಸ್ತುವಾಗಲಿಲ್ಲ. ಕರು ಹುಟ್ಟಬೇಕು, ಕರು ಕುಡಿದು ಮಿಕ್ಕಬೇಕು, ದೇವರಿಗಿಟ್ಟು ಅಕ್ಕಪಕ್ಕದ ಮನೆಗೂ ಒಂದೊಂದು ತುಂಡು ಹೋಗಬೇಕು. ಜುಂಜಪ್ಪನನ್ನು ಹಾಡುವ ಕಾಡುಗೊಲ್ಲರ ಹಟ್ಟಿಗಳಿರುವ ಶಿರಾ ಸೀಮೆಯಲ್ಲಿ ಹಾಲಿಗೆ ಬರವಿರಲಿಲ್ಲ. ಆದರೆ ನಮ್ಮ ಬಿಸಿಲಿಗೆ ಹಾಲು ಉಳಿಯಬೇಕೆಂದರೆ ಅದು ತುಪ್ಪವಾಗಬೇಕಿತ್ತು.

ಬ್ರೆಡ್ಡು ಈ ಸೀಮೆಗೆ ಎರಡು ಸಲ ಬಂತೆಂದು ನನ್ನ ಊಹೆ. ಮೊದಲ ಸಲ ಶಿರಾಕ್ಕೆ. 1638ರಲ್ಲಿ ಬಿಜಾಪುರದವರು, 1687ರಲ್ಲಿ ಮೊಗಲರು ಶಿರಾವನ್ನು ಹಿಡಿದರು. ಮುಂದಿನ ಏಳು ದಶಕ ಅದು ಮೊಗಲ್ ಪ್ರಾಂತ್ಯವೊಂದರ ರಾಜಧಾನಿ. ದಿಲಾವರ್ ಖಾನನ ಕಾಲಕ್ಕೆ ಅಲ್ಲಿ 50,000 ಮನೆಗಳಿದ್ದವಂತೆ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅವನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವಂತೆ. ಉತ್ತರದಿಂದ ಬಂದ ಸುಬೇದಾರರು, ಅವರ ದಂಡು, ಅವರ ಬಾಣಸಿಗರು ಇದ್ದ ಮೇಲೆ ನಾನ್ ಸುಡುವ ಭಟ್ಟಿಯೂ ಇರಲೇಬೇಕಲ್ಲ? ಹಾಗಿದ್ದರೂ ಆ ರೊಟ್ಟಿ ಸುತ್ತಲ ಹಳ್ಳಿಗೆ ಇಳಿಯಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ನಮ್ಮ ಕೆಂಪು ಮಣ್ಣಿನದು ಗೋಧಿಯ ಸೀಮೆಯಲ್ಲ, ರಾಗಿಯ ಸೀಮೆ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತದೆ. ಮಧುಗಿರಿ ಕೋಟೆ ಹತ್ತಿದವರು ಅಲ್ಲಿಯ ಕಣಜಗಳನ್ನು ನೋಡಿರುತ್ತಾರೆ. ಮೂರು ವರ್ಷಕ್ಕೊಮ್ಮೆ ಮಳೆ ಕೈಕೊಡುವ ಕಡೆ ಜನ ನಂಬುವುದು ಉಳಿಯುವ ಕಾಳನ್ನು. ಇಲ್ಲಿ ಹಿಟ್ಟು ಎಂದರೆ ಪುಡಿಯಲ್ಲ, ಮುದ್ದೆ; ಊಟಕ್ಕೇ ಆ ಹೆಸರು. ಇನ್ನೊಂದು ಕಾರಣ ರಾಜಕೀಯದ್ದು. ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆ ಕಟ್ಟಲು ಟಿಪ್ಪುವಿನ ಕಾಲದಲ್ಲಿ ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಸಾಗಿಸಿದರೆಂದು ದಾಖಲೆ. ಅಷ್ಟು ಮನೆಗಳ ಒಲೆ ಆರಿದ ಪಟ್ಟಣದಲ್ಲಿ ಭಟ್ಟಿಯೊಂದು ಉರಿಯುತ್ತಾ ಉಳಿಯುವುದು ಹೇಗೆ?

ಎರಡನೆಯ ಸಲ ಬ್ರೆಡ್ಡು ಬಂದದ್ದು ಬಸ್ಸಿನಲ್ಲಿ, ಅಯ್ಯಂಗಾರ್ ಬೇಕರಿಯ ಜೊತೆ. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಬೇಕಿಂಗ್ ಕಲಿತದ್ದು ಒಬ್ಬ ಇಂಗ್ಲಿಷಿನವನಿಂದ ಎನ್ನುತ್ತಾರೆ. ದಂಡಿನ ಬಿಳಿಯರ ರೊಟ್ಟಿ ಪೇಟೆಯ ಮಡಿವಂತರ ಕೈಗೆ ಬಂದು ಮೊಟ್ಟೆ ಬಿಟ್ಟಿತು. ಅವರ ಊರಿನವರೇ ಒಬ್ಬರ ಬೆನ್ನಿಗೊಬ್ಬರು ಬಂದು ಅದೇ ಕಸುಬು ಹಿಡಿದು ರಾಜ್ಯದ ಸಣ್ಣಪುಟ್ಟ ಪಟ್ಟಣಕ್ಕೆಲ್ಲ ಹರಡಿದರು. ಬ್ರೆಡ್ಡಿನ ಮೇಲೆ ಏನಾದರೂ ಹೇರುವ ಬುದ್ಧಿಯೂ ನಮಗೆ ಈಚೆಗೆ ಬಂದದ್ದಲ್ಲ. ಈರುಳ್ಳಿ, ಕ್ಯಾರೆಟ್ಟು, ಟೊಮೇಟೊ, ಖಾರದಪುಡಿ ಬಾಡಿಸಿ ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡಿನ ಮೇಲೆ ಹರಡಿದ ಬೇಕರಿಯ ಟೋಸ್ಟ್ ಇದೆಯಲ್ಲ, ಅದು ಮತ್ತೇನು? 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲಿ ತೆರೆಯುವ ಎಷ್ಟೋ ಮುಂಚೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಅದನ್ನು ತಿಂದವರಿದ್ದರು. ಪಿಜ್ಜಾ ಅಂಗಡಿ ಮಾಡಿದ್ದು ಮುಖ್ಯವಾಗಿ ಎರಡು ಕೆಲಸ: ಬೆಳ್ಳುಳ್ಳಿಯನ್ನು ಮದ್ದಿನ ಡಬ್ಬಿಯಿಂದ ಹೊರತೆಗೆದು ರುಚಿಯ ಜಾಗಕ್ಕೆ ತಂದಿತು, ಕರಗಿದ ಚೀಸ್ ದಾರದಂತೆ ಎಳೆಯುವುದನ್ನು ಒಂದು ಸಂಭ್ರಮವಾಗಿಸಿತು.

ಇಷ್ಟೆಲ್ಲ ಹೇಳಿದ ಮೇಲೂ ಮಾಂಸ ಉಳಿಯಿತು. ಅಸಲು ತಕರಾರು ಅಲ್ಲೇ.

ಸ್ಟೇಕ್ ಎಂದರೆ ಹುಟ್ಟಿನಲ್ಲಿ ದನದ ಮಾಂಸ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿದ ಮೇಲೆ ಅದು ಅಲ್ಲಿಯ ಊಟ. ನಮ್ಮ ಹಳ್ಳಿಗಳಲ್ಲಿ ದನದ ಮಾಂಸ ಇರಲಿಲ್ಲವೆಂದಲ್ಲ. ಅದು ಕೇರಿಯ ಅಡುಗೆಯಾಗಿತ್ತು, ಊರು ಅದರ ಹೆಸರೆತ್ತುತ್ತಿರಲಿಲ್ಲ. ಸತ್ತ ದನವನ್ನು ಎಳೆದೊಯ್ಯುವ ಕೆಲಸವನ್ನು ಕೇರಿಗೆ ಹೊರಿಸಿ, ಅದನ್ನು ತಿಂದದ್ದಕ್ಕೆ ಅದೇ ಕೇರಿಯನ್ನು ಹಳಿದ ಊರು ಅದು. ಮಾಂಸವನ್ನು ಎಳೆಎಳೆಯಾಗಿ ಕೊಯ್ದು ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿ ಕೆಂಡದ ಮೇಲೆ ಸುಡುವ ಉಪ್ಪುಕಂಡದ ಕೌಶಲ ಯಾವ ಪಾಕಶಾಸ್ತ್ರಕ್ಕೂ ಏರಲಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನಡಿ ಈಗ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದ ಜಾನುವಾರುಗಳನ್ನು ಕಡಿಯುವಂತಿಲ್ಲ. ನಮ್ಮ ಹುಡುಗಿ ಮಟನ್ ತಂದದ್ದು ಕಾನೂನು ನೋಡಿ ಅಲ್ಲ, ಅವ್ವನ ಮುಖ ನೋಡಿ.

ಕುರಿಯ ಸೀಮೆಯಲ್ಲಿ ಕುರಿಮಾಂಸಕ್ಕೇನು ಕೊರತೆ ಎಂದು ಹೊರಗಿನವರು ಕೇಳುತ್ತಾರೆ. ಕುರುಬರಿಗೂ ಗೊಲ್ಲರಿಗೂ ಕುರಿ ಎಂದರೆ ಕಾಲಿರುವ ದುಡ್ಡು. ಉಣ್ಣೆ ಕಂಬಳಿಯಾಗುತ್ತಿತ್ತು. ಹೊಲದಲ್ಲಿ ಮಂದೆ ಹಾಕಿಸಿದರೆ ಗೊಬ್ಬರಕ್ಕೆ ಬದಲು ರಾಗಿ ಸಿಗುತ್ತಿತ್ತು. ಮದುವೆಗೋ ಸಾಲಕ್ಕೋ ಎಂದರೆ ಶಿರಾದ ಕುರಿ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು. ನೂರು ಕುರಿ ಕಾಯುವವನ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಬಾಡು ಬೆಂದರೆ ಹೆಚ್ಚು. 1876ರಲ್ಲಿ ಶುರುವಾದ ಧಾತು ಸಂವತ್ಸರದ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಅಂಥ ನೆನಪಿರುವ ಕಡೆ ಬದುಕಿರುವ ಕುರಿಯನ್ನು ಬಾಯಿರುಚಿಗೆ ಕಡಿಯುವುದು ಕಣಜಕ್ಕೆ ಬೆಂಕಿ ಇಟ್ಟಂತೆ.

ಕಡಿದರೂ ಅದನ್ನು ಹಂಚುವ ಕ್ರಮ ಬೇರೆ. ಅದಕ್ಕೆ ಗುಡ್ಡೆ ಬಾಡು ಎನ್ನುತ್ತಾರೆ. ಹತ್ತು ಹದಿನೈದು ಮನೆಯವರು ದುಡ್ಡು ಹಾಕಿ ಒಂದು ಕುರಿಯನ್ನೋ ಹೋತವನ್ನೋ ತಂದು, ಮರದ ನೆರಳಲ್ಲಿ ಎಲೆ ಹಾಸಿ, ಎಷ್ಟು ಪಾಲೋ ಅಷ್ಟು ಗುಡ್ಡೆ ಮಾಡುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆಯ ಒಂದು ತುಂಡು, ಪಕ್ಕೆಯ ಮೂಳೆ, ಒಂದು ಚೂರು ಈಲಿ, ಬೋಟಿ, ನೆಣ. ಯಾರ ಗುಡ್ಡೆಯೂ ಯಾರದ್ದಕ್ಕಿಂತ ಮೇಲಲ್ಲ. ತೊಡೆಯನ್ನು ಇಡಿಯಾಗಿ ಒಬ್ಬನಿಗೆ ಕೊಟ್ಟರೆ ಊರಲ್ಲಿ ಜಗಳ. ಈ ಹಂಚಿಕೆಯಲ್ಲಿ ಸ್ಟೇಕ್ ಹುಟ್ಟುವುದು ಸಾಧ್ಯವೇ ಇಲ್ಲ. ಸ್ಟೇಕ್ ಬೇಕೆಂದರೆ ಒಂದು ಮೃಗದ ಮೆತ್ತಗಿನ ಸ್ನಾಯುವನ್ನು ಬೇರೆ ತೆಗೆಯಬೇಕು, ಅದಕ್ಕೆ ಬೇರೆ ಬೆಲೆ ಕಟ್ಟಬೇಕು, ಒಬ್ಬರು ಅದನ್ನು ಪೂರ್ತಿ ತಿನ್ನಬೇಕು. ನಮ್ಮದು ಸಾರಿನ ನಾಡಾಗಿದ್ದು ಇದಕ್ಕೇ. ಮೂಳೆ, ನೆಣ, ತುಂಡು ಎಲ್ಲ ಒಂದೇ ಮಡಕೆಯಲ್ಲಿ ಕುದಿದರೆ ಒಂದು ಗುಡ್ಡೆಯಿಂದ ಹನ್ನೆರಡು ಜನರ ಹಿಟ್ಟಿಗೆ ಬಾಡಿನ ರುಚಿ ತಾಗುತ್ತದೆ. ತುಂಡು ಯಾರ ತಟ್ಟೆಗೆ ಬಿತ್ತು ಎನ್ನುವುದು ಆಮೇಲಿನ ಮಾತು. ಅವ್ವನ ತಟ್ಟೆಗೆ ಬಿದ್ದದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ.

ಸಾರು ಕುದಿಸಲು ಇನ್ನೊಂದು ಕಾರಣವೂ ಇದೆ. ದಿನಕ್ಕೆ ಹತ್ತಾರು ಮೈಲಿ ಬೆಟ್ಟದ ಬುಡದಲ್ಲಿ ಮೇಯುವ ಕುರಿಯ ತೊಡೆ ಗಟ್ಟಿ. ಸ್ನಾಯುವನ್ನು ಬಿಗಿದಿಡುವ ನಾರು ನಿಧಾನವಾಗಿ ಗಂಟೆಗಟ್ಟಲೆ ಬೆಂದರೆ ಮಾತ್ರ ಕರಗುತ್ತದೆ. ಐದು ನಿಮಿಷ ಹಂಚಿನ ಮೇಲೆ ಸುಟ್ಟರೆ ಚರ್ಮದ ಚಪ್ಪಲಿ. ಅದಕ್ಕೇ ನಾವು ಮೂಳೆ ಬಿಡಿಸಿದ ತುಂಡನ್ನು ಎಳೆಗೆ ಅಡ್ಡವಾಗಿ ಬೆರಳು ದಪ್ಪಕ್ಕೆ ಕೊಯ್ದು, ಹಿತ್ತಲ ಪಪ್ಪಾಯಿ ಕಾಯಿ ಅರೆದು ಉಪ್ಪು ಮೆಣಸಿನ ಜೊತೆ ಹಚ್ಚಿ ಒಂದು ಗಂಟೆ ಬಿಟ್ಟೆವು. ಹೆಚ್ಚು ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ. ಕಬ್ಬಿಣದ ಹಂಚು ಹೊಗೆಯಾಡುವಷ್ಟು ಕಾಯಬೇಕು, ತುಂಡು ಒದ್ದೆಯಿರಬಾರದು. ನೀರಿದ್ದರೆ ಬೇಯುತ್ತದೆಯೇ ಹೊರತು ಕೆಂಪಗೆ ಸುಡುವುದಿಲ್ಲ. ಒಂದೊಂದು ಮಗ್ಗುಲಿಗೆ ಎರಡು ನಿಮಿಷ. ಇಳಿಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ರಸ ಒಳಗೇ ನಿಲ್ಲುತ್ತದೆ. ಬೆಳ್ಳುಳ್ಳಿಯನ್ನು ಅವ್ವ ಒರಳಲ್ಲಿ ಕುಟ್ಟಿಕೊಟ್ಟಳು. ಕೊಯ್ದದ್ದಕ್ಕಿಂತ ಕುಟ್ಟಿದ್ದಕ್ಕೆ ಘಾಟು ಜಾಸ್ತಿ. ಎಸಳು ಜಜ್ಜಿ ಹೋದಾಗಲೇ ಅದರ ವಾಸನೆಯ ರಾಸಾಯನಿಕ ಹುಟ್ಟುವುದು. ಬರೀ ಹಂಚಿಗೆ ಬಿದ್ದರೆ ಸೀದು ಕಹಿಯಾಗುತ್ತದೆ, ಬೆಣ್ಣೆ ಅದನ್ನು ಕಾಯುತ್ತದೆ. ಬ್ರೆಡ್ಡನ್ನು ಮೊದಲು ಒಂದು ಮಗ್ಗುಲು ಕಾಯಿಸಿ ಆಮೇಲೆ ಬೆಣ್ಣೆ ಬಳಿದೆವು, ಇಲ್ಲದಿದ್ದರೆ ಮಾಂಸದ ರಸಕ್ಕೆ ನೆನೆದು ಮುದ್ದೆಯಾಗುತ್ತದೆ. ಮಾಂಸವನ್ನು ತೆಳ್ಳಗೆ ಹೆಚ್ಚಿ ಹರಡಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ಮೇಲೆ ಚೀಸ್. ತಪ್ಪಲೆಯ ತಳಕ್ಕೆ ಮರಳು, ಅದರ ಮೇಲೆ ತಟ್ಟೆ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಹುಣಸೆ ಕಟ್ಟಿಗೆಯ ಕೆಂಡ.

ಹತ್ತು ನಿಮಿಷಕ್ಕೆ ತೆಗೆದೆವು. ಒಂದು ಮೂಲೆ ಸ್ವಲ್ಪ ಕರಕಾಗಿತ್ತು. ಹುಡುಗಿ ಫೋಟೊ ತೆಗೆದಳು, ಆಮೇಲೆ ಎಲ್ಲಕ್ಕಿಂತ ದೊಡ್ಡ ತುಂಡನ್ನು ಅಜ್ಜಿಯ ತಟ್ಟೆಗೆ ಇಟ್ಟಳು.

ಅವ್ವ ತಟ್ಟೆ ನೋಡಿದಳು. "ಇಷ್ಟೂ ನನಗೊಬ್ಬಳಿಗಾ?"

"ಹೂಂ ಕಣಜ್ಜಿ."

"ಬ್ರೆಡ್ಡು ತಿನ್ನಕ್ಕೆ ನನಗೇನು ಜ್ವರವೇ?" ಎಂದು ಗೊಣಗಿ, ಮಾಂಸದ ಒಂದು ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಚೀಸು ಬೆರಳಿನಿಂದ ಎಳೆದು ಬಂತು. ಅದನ್ನು ನೆಕ್ಕಿ ನೋಡಿ, ಗಿಣ್ಣಿಗಿಂತ ಉಪ್ಪು ಎಂದಳು. ಇನ್ನೊಂದು ಚೂರು ಎತ್ತಿದಳು. ಒಲೆಯ ಮೇಲೆ ಮಿಕ್ಕ ಮೂಳೆಗಳ ಸಾರು ಕುದಿಯುತ್ತಿತ್ತು. ಪಕ್ಕದ ಮನೆಗೂ ಒಂದು ಬಟ್ಟಲು ಕೊಟ್ಟು ಬಾ ಎಂದು ಹುಡುಗಿಯನ್ನು ಎಬ್ಬಿಸಿದಳು. ಅವಳು ಹೋಗಿ ಬರುವಷ್ಟರಲ್ಲಿ ಅಜ್ಜಿಯ ತಟ್ಟೆಯಲ್ಲಿ ಬ್ರೆಡ್ಡಿನ ಕರಕು ಮೂಲೆಯೊಂದು ಬಿಟ್ಟು ಏನೂ ಉಳಿದಿರಲಿಲ್ಲ.